ಹಸಿವಿನ ಮೇಲೆ ಹೊರಿಸಿದ ಭಾರ

ತೂಕ ಇಳಿಸಬೇಕೆಂದು ಹೊರಟವರು ಮೊದಲು ಕೈ ಇಡುವುದು ಊಟದ ತಟ್ಟೆಗೆ. ಅನ್ನ ಬಿಡುತ್ತಾರೆ, ಸಕ್ಕರೆ ಬಿಡುತ್ತಾರೆ, ಕೊನೆಗೆ ರಾತ್ರಿ ಊಟವನ್ನೇ ಬಿಡುತ್ತಾರೆ. ಬೆಳಗ್ಗೆ ಎದ್ದು ಬಿಸಿನೀರಿಗೆ ನಿಂಬೆಹಣ್ಣು ಹಿಂಡಿಕೊಂಡು ಕುಡಿಯುತ್ತಾರೆ. ಮೊದಲ ವಾರ ತೂಕ ಸರಸರನೆ ಇಳಿಯುತ್ತದೆ. ಎರಡು ಮೂರು ತಿಂಗಳಿಗೆ ನಿಂತಲ್ಲೇ ನಿಲ್ಲುತ್ತದೆ. ಎಷ್ಟೋ ಜನರಿಗೆ ವರ್ಷ ಎರಡು ವರ್ಷ ಕಳೆಯುವುದರೊಳಗೆ ಹೋದದ್ದೆಲ್ಲ ಮರಳಿ ಬಂದು, ಮೇಲೊಂದಿಷ್ಟು ಸೇರಿಕೊಂಡಿರುತ್ತದೆ. ಆಗ ಬಾಯಿಂದ ಬರುವುದು ಒಂದೇ ಮಾತು: ‘ನನಗೆ ಬಾಯಿ ಕಟ್ಟೋಕೆ ಆಗಲ್ಲ.’ ತಮ್ಮ ಮನಸ್ಸೇ ದುರ್ಬಲ ಎಂದು ಅವರು ನಂಬಿಬಿಡುತ್ತಾರೆ. ಹಾಗೆ ನಂಬುವುದು ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು ಎಂದು ನನಗನ್ನಿಸುತ್ತದೆ.

ನಮ್ಮ ಅತ್ತಿಗೆಯನ್ನೇ ನೋಡಿ. ಶಾಲೆಯಲ್ಲಿ ಟೀಚರ್. ಯುಗಾದಿಯ ದಿನ ಮನೆಮಂದಿಗೆಲ್ಲ ಹೋಳಿಗೆ ತಟ್ಟಿ, ಬೇಯಿಸಿ, ಬಿಸಿಬಿಸಿಯಾಗಿ ತುಪ್ಪ ಹಾಕಿ ಬಡಿಸಿದರು. ತಾವು ಹೂರಣದ ರುಚಿಯನ್ನೂ ನೋಡಲಿಲ್ಲ. ರಾತ್ರಿ ಹೊತ್ತು ಎಲ್ಲರಿಗೂ ಒಂದೊಂದಾಗಿ ಅಕ್ಕಿರೊಟ್ಟಿ ಹಾಕಿಕೊಟ್ಟು, ಒಲೆಕಟ್ಟೆಗೆ ಒರಗಿ ನಿಂತು ನಾಲ್ಕು ಹೋಳು ಸೌತೆಕಾಯಿ ತಿಂದು ಊಟ ಮುಗಿಸುತ್ತಿದ್ದರು. ಎಣ್ಣೆ ಬಿದ್ದ ಕಾವಲಿಯ ಘಮ ಮೂಗಿಗೆ ಬಡಿಯುತ್ತಿರುವಾಗಲೇ ಹಾಗೆ ತಡೆದುಕೊಂಡು ನಿಲ್ಲುವುದು ಸಣ್ಣ ಸಾಧನೆಯಲ್ಲ. ಆದರೂ ಯುಗಾದಿಗೆ ಸಡಿಲವಾಗಿದ್ದ ರವಿಕೆ ದೀಪಾವಳಿಗೆ ಮತ್ತೆ ಬಿಗಿಯಾಯಿತು. ‘ನನ್ನ ಮೈಯೇ ಹೀಗೆ, ಗಾಳಿ ಕುಡಿದ್ರೂ ಊದ್ಕೋತೀನಿ’ ಅಂದರು. ಸಂಯಮದಲ್ಲಿ ಅವರಿಗೆ ಯಾವ ಕೊರತೆಯೂ ಇರಲಿಲ್ಲ. ಇಡೀ ದೇಹ ಹೊರಬೇಕಾದ ಭಾರವನ್ನು ಹಸಿವೊಂದರ ಮೇಲೆ ಹೊರಿಸಿದ್ದರು, ಅಷ್ಟೆ.

ಮೈಯೊಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡರೆ ಈ ಆತ್ಮನಿಂದನೆ ಕಡಿಮೆಯಾದೀತು. ಮೊದಲ ವಾರ ಇಳಿಯುವ ತೂಕದಲ್ಲಿ ದೊಡ್ಡ ಪಾಲು ಕೊಬ್ಬಲ್ಲ, ನೀರು. ಯಕೃತ್ತಿನಲ್ಲೂ ಸ್ನಾಯುಗಳಲ್ಲೂ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ ಮೊದಲು ಖರ್ಚಾಗುತ್ತದೆ. ಅದರ ಒಂದೊಂದು ಗ್ರಾಮಿನ ಜೊತೆಗೂ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಸಕ್ಕರೆ ಹೋದಾಗ ಆ ನೀರೂ ಹೊರಟುಹೋಗುತ್ತದೆ. ಆಮೇಲೆ ದೇಹಕ್ಕೆ ಅನುಮಾನ ಶುರುವಾಗುತ್ತದೆ. ಬರ ಬರುವ ಸೂಚನೆ ಕಂಡ ಮನೆಯೊಡತಿ ಕಣಜದ ಬಾಯಿ ಬಿಗಿ ಮಾಡುವಂತೆ ಅದು ಖರ್ಚಿಗೆ ಕಡಿವಾಣ ಹಾಕುತ್ತದೆ. ಹಸಿವು ಹೆಚ್ಚುತ್ತದೆ, ಮೈ ತಣ್ಣಗಾಗುತ್ತದೆ, ಗೊತ್ತೇ ಆಗದಂತೆ ಓಡಾಟ ತಗ್ಗುತ್ತದೆ.

1944ರ ಕೊನೆಯಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಯುವಕರನ್ನು ಇಟ್ಟುಕೊಂಡು ಒಂದು ಪ್ರಯೋಗ ಶುರುಮಾಡಿದರು. ಯುದ್ಧದಿಂದ ಕಂಗಾಲಾದ ಜನರಿಗೆ ಮತ್ತೆ ಹೇಗೆ ಉಣಿಸಬೇಕು ಎಂಬುದನ್ನು ಅರಿಯುವುದು ಉದ್ದೇಶ. ಕೊಲ್ಲುವುದು ಪಾಪವೆಂದು ನಂಬಿ ಸೈನ್ಯಕ್ಕೆ ಸೇರಲು ಒಪ್ಪದ, ತಾವಾಗಿಯೇ ಮುಂದೆ ಬಂದ ದೃಢ ಮನಸ್ಸಿನ ಯುವಕರು ಅವರು. 24 ವಾರ ಅವರಿಗೆ ಅರೆಹೊಟ್ಟೆಯ ಊಟ. ವಾರಕ್ಕೆ ಸುಮಾರು 35 ಕಿಲೋಮೀಟರ್ ನಡಿಗೆ ಬೇರೆ. ತೂಕ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ಅವರು ಹಗಲೂ ರಾತ್ರಿ ಊಟದ ಮಾತನ್ನೇ ಆಡತೊಡಗಿದರು, ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು, ಮಂಕಾದರು. ಹೊಟ್ಟೆ ತುಂಬ ಊಟ ಸಿಕ್ಕ ಮೇಲೆ ಮೊದಲಿಗಿಂತ ಹೆಚ್ಚು ಕೊಬ್ಬು ಅವರ ಮೈ ಸೇರಿತು. ತತ್ವಕ್ಕಾಗಿ ಸೈನ್ಯವನ್ನೇ ನಿರಾಕರಿಸಿದವರಿಗೂ ಹಸಿವನ್ನು ಗೆಲ್ಲಲು ಆಗಲಿಲ್ಲ. ಅಷ್ಟು ಕಡಿಮೆ ಉಂಡರೆ ನಡಿಗೆಯೂ ಕಾಪಾಡುವುದಿಲ್ಲ. ಹೀಗಿರುವಾಗ, ಒಂದು ಹೊತ್ತು ಊಟ ಬಿಟ್ಟು ಸೋತ ಗೃಹಿಣಿಯನ್ನು ‘ಮನಸ್ಸು ಗಟ್ಟಿ ಇಲ್ಲ’ ಎಂದು ಹಳಿಯುವ ಹಕ್ಕು ಯಾರಿಗಿದೆ?

ಇನ್ನೊಂದು ನಷ್ಟ ಕಣ್ಣಿಗೆ ಕಾಣುವುದಿಲ್ಲ. ಬರೀ ಊಟ ಕಡಿಮೆ ಮಾಡಿ ತೂಕ ಇಳಿಸಿದಾಗ ಕರಗುವುದೆಲ್ಲ ಬೊಜ್ಜಲ್ಲ. ಅದರಲ್ಲಿ ಸುಮಾರು ಕಾಲು ಪಾಲು ಸ್ನಾಯು ಮೊದಲಾದ ಕೊಬ್ಬಲ್ಲದ ಭಾಗ. ಉಪಯೋಗಿಸದ ಸ್ನಾಯುವನ್ನು ದೇಹ ಸಾಕುವುದಿಲ್ಲ. ಮರಳಿ ಬರುವಾಗ ಮಾತ್ರ ಬೊಜ್ಜೇ ಹೆಚ್ಚಾಗಿ ಬರುತ್ತದೆ. ನಾಲ್ಕು ಸಲ ಇಳಿಸಿ ನಾಲ್ಕು ಸಲ ಏರಿಸಿಕೊಂಡವರ ತೂಕ ಮೊದಲಿನಷ್ಟೇ ಇದ್ದರೂ ಮಂಡಿ, ತೊಡೆ, ಬೆನ್ನು ಸೋತಿರುತ್ತವೆ. ಭಾರತೀಯರಾದ ನಮಗೆ ಇದು ಇನ್ನೂ ದುಬಾರಿ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಚ್ಚು ಹಾಕಿಸಿದರು. ಎತ್ತರಕ್ಕೆ ತೂಕವನ್ನು ಹೋಲಿಸುವ ಅಳತೆಯಾದ ಬಿಎಂಐ ಇಬ್ಬರದೂ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ನೋಡಲು ಸಣ್ಣಗಿದ್ದರೂ ಒಳಗೆ ಕೊಬ್ಬು ಹೆಚ್ಚು, ಸ್ನಾಯು ಕಡಿಮೆ: ಇದು ನಮ್ಮಲ್ಲಿ ಅನೇಕರ ಮೈಕಟ್ಟು. ಅಂಥವರು ಇರುವ ಸ್ನಾಯುವನ್ನೂ ಉಪವಾಸದಲ್ಲಿ ಕಳೆದುಕೊಂಡರೆ ಊಟದ ಸಕ್ಕರೆಯನ್ನು ಹೀರಿಕೊಳ್ಳುವ ದೊಡ್ಡ ಜಾಗವೇ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ದಾರಿ ಸಲೀಸಾಗುತ್ತದೆ. ಹಸಿವನ್ನೇ ಅಡಗಿಸುವ ಇಂಜೆಕ್ಷನ್ನುಗಳು 2025ರಲ್ಲಿ ನಮ್ಮ ದೇಶದ ಔಷಧಿ ಅಂಗಡಿಗಳಿಗೂ ಬಂದಿವೆ. ಬೊಜ್ಜಿನಿಂದ ನರಳುವವರಿಗೆ ಅವು ದೊಡ್ಡ ನೆರವು. ಆದರೆ ಅವುಗಳಿಂದ ತೂಕ ಇಳಿಸಿಕೊಂಡವರೂ ಸ್ನಾಯು ಉಳಿಸಿಕೊಳ್ಳಬೇಕಾದರೆ ಮೈ ಬಗ್ಗಿಸಿ ದುಡಿಸಲೇಬೇಕು.

ಇಷ್ಟು ಹೇಳಿದ ಮೇಲೆ ಇನ್ನೊಂದು ಸತ್ಯವನ್ನೂ ಹೇಳಬೇಕು. ವ್ಯಾಯಾಮವೊಂದರಿಂದಲೇ ತೂಕ ಇಳಿಯುತ್ತದೆಂಬುದೂ ಭ್ರಮೆ. ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಸುಮಾರು ಎರಡು ಮೂರು ಚಪಾತಿಯಷ್ಟು ಶಕ್ತಿ. ವಾಕಿಂಗ್ ಮುಗಿಸಿ ಹೋಟೆಲಿನಲ್ಲಿ ಕೂತು ಮಸಾಲೆದೋಸೆ ತಿಂದರೆ ಲೆಕ್ಕ ಅಲ್ಲಿಗೇ ಚುಕ್ತಾ. ತೂಕ ಇಳಿಸುವುದರಲ್ಲಿ ಊಟದ ಪಾಲೇ ದೊಡ್ಡದು. ಇಳಿದದ್ದನ್ನು ಉಳಿಸಿಕೊಳ್ಳುವುದರಲ್ಲಿ ಚಲನೆಯ ಪಾಲು ದೊಡ್ಡದು. ಗಮನಾರ್ಹವಾಗಿ ತೂಕ ಇಳಿಸಿ, ವರ್ಷಗಟ್ಟಲೆ ಹಾಗೇ ಕಾಪಾಡಿಕೊಂಡವರನ್ನು ಅಮೆರಿಕದಲ್ಲಿ 1994ರಿಂದ ದಾಖಲಿಸಿಕೊಂಡು ಬಂದಿದ್ದಾರೆ. ಅವರಲ್ಲಿ ಸುಮಾರು ಶೇ 90 ಮಂದಿ ನಿತ್ಯ ಸರಾಸರಿ ಒಂದು ಗಂಟೆಯ ಹೊತ್ತು ಮೈಗೆ ಕೆಲಸ ಕೊಡುವವರು. ಅವರಲ್ಲಿ ಹೆಚ್ಚು ಮಂದಿ ನೆಚ್ಚಿಕೊಂಡದ್ದು ನಡಿಗೆಯನ್ನು.

ಇದು ಗೊತ್ತಿಲ್ಲದ ಗುಟ್ಟೇನೂ ಅಲ್ಲ. ‘ವಾಕಿಂಗ್ ಹೋಗಿ’ ಎಂದು ಡಾಕ್ಟರು ಹೇಳುತ್ತಾರೆ, ಟಿವಿಯೂ ಹೇಳುತ್ತದೆ. ಹಾಗಿದ್ದೂ ಯಾಕೆ ಜನ, ಅದರಲ್ಲೂ ಹೆಂಗಸರು, ಊಟ ಬಿಡುವ ದಾರಿಯನ್ನೇ ಹಿಡಿಯುತ್ತಾರೆ? ಈ ಪ್ರಶ್ನೆಯನ್ನು ಬಹಳ ದಿನ ಯೋಚಿಸಿದ್ದೇನೆ. ನನಗೆ ಹೊಳೆದ ಉತ್ತರ ಇದು: ಊಟ ಬಿಡಲು ಯಾರ ಅನುಮತಿಯೂ ಬೇಕಿಲ್ಲ. ಹೆಂಗಸೊಬ್ಬಳು ಉಣ್ಣದಿದ್ದರೆ ಮನೆಯಲ್ಲಿ ಯಾವ ಕೆಲಸವೂ ನಿಲ್ಲುವುದಿಲ್ಲ. ಆದರೆ ಮುಕ್ಕಾಲು ಗಂಟೆ ಮನೆಯಿಂದ ಹೊರಗೆ ಹೋದರೆ ಹತ್ತು ಪ್ರಶ್ನೆ ಏಳುತ್ತವೆ. ಕಾಫಿ ಯಾರು ಮಾಡಬೇಕು, ಮಗುವಿನ ಡಬ್ಬಿ ಯಾರು ಕಟ್ಟಬೇಕು, ಕತ್ತಲಾದ ಮೇಲೆ ಒಬ್ಬಳೇ ಯಾಕೆ ಹೋಗಬೇಕು. ಸಮಯ ಅವಳದಲ್ಲ, ರಸ್ತೆ ಅವಳದಲ್ಲ. ಅವಳ ಅಧಿಕಾರ ನಡೆಯುವುದು ತನ್ನ ಹೊಟ್ಟೆಯ ಮೇಲೆ ಮಾತ್ರ.

2022ರ ಅಂದಾಜಿನಂತೆ ಭಾರತದ ವಯಸ್ಕ ಹೆಂಗಸರಲ್ಲಿ ಶೇ 57 ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ. ಗಂಡಸರಲ್ಲಿ ಶೇ 42. ‘ದಿನವಿಡೀ ಮನೆಗೆಲಸ ಮಾಡೋರಿಗೆ ಬೇರೆ ಎಕ್ಸರ್‌ಸೈಜ್ ಯಾಕೆ?’ ಎಂದು ಕೇಳುವವರು ಇಲ್ಲೇ ಎಡವುವುದು. ನಮ್ಮ ಅಜ್ಜಿಯಂದಿರು ಬಾವಿಯಿಂದ ನೀರು ಸೇದುತ್ತಿದ್ದರು, ರಾಗಿ ಬೀಸುತ್ತಿದ್ದರು, ಒರಳಿನಲ್ಲಿ ದೋಸೆಹಿಟ್ಟು ರುಬ್ಬುತ್ತಿದ್ದರು. ಆ ಬವಣೆ ತಪ್ಪಿದ್ದು ಒಳ್ಳೆಯದೇ. ಈಗ ನಲ್ಲಿಯಿದೆ, ಮಿಕ್ಸಿಯಿದೆ, ಗ್ರೈಂಡರ್ ಇದೆ. ಕೆಲಸದಲ್ಲಿನ ಬಲಪ್ರಯೋಗ ಹೋಗಿದೆ, ಕೆಲಸದ ಹೊತ್ತು ಉಳಿದಿದೆ. ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ, ಗಂಡಸು 88 ನಿಮಿಷ. ಒಲೆಯ ಮುಂದೆ ನಿಂತೇ ಇರುವುದರಿಂದ ಕಾಲು ಬಾತುಕೊಳ್ಳುತ್ತದೆ, ಸೊಂಟ ಹಿಡಿಯುತ್ತದೆ. ಏದುಸಿರು ಬರುವುದಿಲ್ಲ, ಸ್ನಾಯುವಿಗೆ ಬಲ ಬರುವುದಿಲ್ಲ. ದಣಿವೇ ಬೇರೆ, ವ್ಯಾಯಾಮವೇ ಬೇರೆ.

ಈ ನೆಲ ಉಪವಾಸವನ್ನು ಚೆನ್ನಾಗಿ ಬಲ್ಲದು. ಅದರ ಮಿತಿಯನ್ನು ಕಂಡುಕೊಂಡ ಮಹಾತ್ಮನೂ ಇಲ್ಲಿಯೇ ಇದ್ದ. ಸಿದ್ಧಾರ್ಥ ಗೌತಮ ಮೂಳೆ ಎಣಿಸುವಷ್ಟು ಸೊರಗುವವರೆಗೆ ಅನ್ನ ಬಿಟ್ಟು ನೋಡಿದ. ದೇಹವನ್ನು ದಂಡಿಸಿ ಅರಿವು ಸಿಗದೆಂದು ತಿಳಿದು ಸುಜಾತೆ ಕೊಟ್ಟ ಪಾಯಸವನ್ನು ಸ್ವೀಕರಿಸಿದ. ಜ್ಞಾನೋದಯದ ಬಳಿಕ ಒಂದು ವಾರ ಆತ ಧ್ಯಾನದಲ್ಲಿ ನಡೆದಾಡಿದ್ದು ಇಲ್ಲಿಯೇ ಎಂದು ಬೋಧಗಯೆಯಲ್ಲಿ ಇಂದಿಗೂ ಒಂದು ಜಾಗ ತೋರಿಸುತ್ತಾರೆ. ಆಮೇಲೆ 45 ವರ್ಷ ಗಂಗೆಯ ಬಯಲಿನಲ್ಲಿ ಊರಿಂದೂರಿಗೆ ಕಾಲ್ನಡಿಗೆಯಲ್ಲೇ ತಿರುಗಿದ. ಮಿತವಾಗಿ ಉಂಡ, ತುಂಬ ನಡೆದ. ದೇಹವನ್ನು ಶತ್ರುವೆಂದು ಹಸಿವಿಗೆ ತಳ್ಳುವುದನ್ನು ಬಿಟ್ಟು, ಜೊತೆಗಾರನೆಂದು ದುಡಿಸಿಕೊಂಡ.

ನಮಗೂ ಬೇಕಾಗಿರುವುದು ಈ ಮನೋಭಾವ. ಬಿಡುವುದರಲ್ಲಿ ಒಂದು ಬಗೆಯ ಶಿಕ್ಷೆಯಿದೆ. ಶಿಕ್ಷೆಯನ್ನು ಯಾರೂ ಬದುಕಿಡೀ ಅನುಭವಿಸಲಾರರು. ಮಾಡುವುದರಲ್ಲಿ ಬೆಳವಣಿಗೆಯಿದೆ. ನಿನ್ನೆ ಎರಡನೇ ಮಹಡಿಗೆ ಏದುಸಿರು ಬರುತ್ತಿತ್ತು, ಇಂದು ಮೂರನೆಯದಕ್ಕೆ ಬರುತ್ತದೆ. ನೆಲದಿಂದ ಕೈಯೂರದೆ ಏಳಲು ಬರುತ್ತದೆ. ತಕ್ಕಡಿಗೆ ಕಾಣದ ಈ ಗೆಲುವುಗಳೇ ನಾಳೆಯ ಹುಮ್ಮಸ್ಸಿಗೆ ಕಾರಣ. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದೂ ಅಸಾಧ್ಯವಾದುದನ್ನೇನಲ್ಲ: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯುವಿಗೆ ಬಲ ಕೊಡುವ ಕಸರತ್ತು. ಕುರ್ಚಿಯಿಂದ ಕೈ ಬಿಟ್ಟು ಎದ್ದು ಕೂರುವುದು, ಗೋಡೆಗೆ ಕೈಯೂರಿ ದಂಡ ಹೊಡೆಯುವುದು, ನೀರು ತುಂಬಿದ ಬಾಟಲಿ ಎತ್ತಿಳಿಸುವುದು ಶುರುವಿಗೆ ಸಾಕು. ತಟ್ಟೆಯಲ್ಲಿ ಅನ್ನ ಒಂದು ಹಿಡಿ ಕಡಿಮೆಯಾಗಲಿ. ಬೇಳೆ, ಕಾಳು, ಮೊಸರು, ರೂಢಿಯಿದ್ದವರಿಗೆ ಮೊಟ್ಟೆ ಕಡಿಮೆಯಾಗದಿರಲಿ. ಥೈರಾಯ್ಡ್, ಮಂಡಿನೋವು, ಹೃದಯದ ತೊಂದರೆ ಇದ್ದವರು ವೈದ್ಯರನ್ನು ಕೇಳಿಯೇ ಹೆಜ್ಜೆ ಇಡಲಿ.

ಉಳಿದದ್ದು ಮನೆಯವರ ಧರ್ಮ. ಹೆಂಡತಿಯೋ ಅಮ್ಮನೋ ಅತ್ತಿಗೆಯೋ ‘ಇವತ್ತಿಂದ ರಾತ್ರಿ ಊಟ ಬಿಡ್ತೀನಿ’ ಎಂದಾಗ ಭೇಷ್ ಎನ್ನುವುದು ಸುಲಭ, ಅದಕ್ಕೆ ನಾವೇನೂ ತೆರಬೇಕಾಗಿಲ್ಲ. ಅದರ ಬದಲು, ‘ಊಟ ಮಾಡು. ಪಾತ್ರೆ ನಾನು ತೊಳೀತೀನಿ, ನೀನು ವಾಕಿಂಗ್ ಮುಗಿಸಿಕೊಂಡು ಬಾ’ ಎನ್ನೋಣ. ಒಂದು ದಿನವಲ್ಲ, ದಿನಾ ಎನ್ನೋಣ. ಅವಳ ಆರೋಗ್ಯದ ಬಗ್ಗೆ ನಮಗೆ ನಿಜವಾಗಿ ಕಾಳಜಿಯಿದ್ದರೆ ಅವಳ ಅನ್ನದಲ್ಲಿ ಕಡಿತ ಕೇಳುವ ಮೊದಲು ನಮ್ಮ ಸಮಯದಲ್ಲಿ ಪಾಲು ಕೊಡಬೇಕು.