ಹಡಗು ಮುಳುಗಿದ ಮೇಲೆ ಕರಾರು

ಕಾರಿರುಳು. ನಡುವೆ ಒಂದು ಹಾಯಿಹಡಗು. ಹಗ್ಗ ಹಗ್ಗಕ್ಕೂ ಹಿಮ ಮೆತ್ತಿ ಎಲುಬುಗೂಡಿನ ಹಾಗೆ ಬೆಳ್ಳಗೆ ನಿಂತಿದೆ. 1915ರ ಆಗಸ್ಟ್ 27ರ ರಾತ್ರಿ, ಅಂಟಾರ್ಕ್ಟಿಕದ ವೆಡೆಲ್ ಸಮುದ್ರದಲ್ಲಿ ಫ್ರಾಂಕ್ ಹರ್ಲಿ ಸುಮಾರು 20 ಕಡೆ ಮದ್ದು ಸಿಡಿಸಿ, ಆ ಬೆಳಕಿನಲ್ಲಿ ತೆಗೆದ ಫೋಟೋ ಇದು. ಹಡಗಿನ ಹೆಸರು ಎಂಡ್ಯೂರೆನ್ಸ್, ಅಂದರೆ ಸಹನೆ. ನಾಯಕ ಅರ್ನೆಸ್ಟ್ ಶಾಕಲ್ಟನ್. ಹಡಗಿನಲ್ಲಿ 28 ಜನ. ಫೋಟೋದಲ್ಲಿ ಒಬ್ಬರೂ ಕಾಣುವುದಿಲ್ಲ.

ಸಹನೆ ಅನ್ನುವ ಪದ ನಮ್ಮ ಕೇರಿಗಳಿಗೆ ಹೊಸದಲ್ಲ. ಅದನ್ನು ಯಾವಾಗಲೂ ಬೇರೆಯವರೇ ಬಂದು ನಮಗೆ ಕಲಿಸಿದ್ದಾರೆ.

ಮಂಜುಗಡ್ಡೆ ಹಡಗನ್ನು ಹಿಂಡಿ ಮುರಿಯಿತು. ನವೆಂಬರ್ 21ಕ್ಕೆ ಅದು ಮುಳುಗಿತು. ಜನ ಹಿಮದ ಮೇಲೆ ದೋಣಿಗಳನ್ನು ಎಳೆಯುತ್ತ ನಡೆದರು. ಡಿಸೆಂಬರದಲ್ಲಿ ಬಡಿಗ ಹ್ಯಾರಿ ಮೆಕ್‌ನಿಷ್ ನಿಂತುಬಿಟ್ಟ. ಸಹಿ ಹಾಕಿದ್ದು ಹಡಗಿನ ಚಾಕರಿಗೆ, ಹಡಗೇ ಇಲ್ಲ ಅಂದಮೇಲೆ ಹುಕುಂ ಎಲ್ಲಿಯದು ಅಂತ ಅವನ ವಾದ. ಶಾಕಲ್ಟನ್ ಎಲ್ಲರನ್ನೂ ಕೂಡಿಸಿ ಕರಾರುಪತ್ರ ಓದಿದ. ಬಡಿಗ ಮತ್ತೆ ಕೆಲಸಕ್ಕೆ ಇಳಿದ.

ಮುಂದೆ ಆ ಜನರ ಜೀವ ನಿಂತದ್ದು ಇವನ ಕೈಗೆಲಸದ ಮೇಲೆ. 22 ಅಡಿಯ ದೋಣಿಯ ಅಂಚು ಎತ್ತರಿಸಿದ. ಪೆಟ್ಟಿಗೆ ಹಲಗೆ, ಹಾಯಿಬಟ್ಟೆ ಹೊದಿಸಿ ಮುಚ್ಚಿಗೆ ಮಾಡಿದ. ಸಂದುಗಳಿಗೆ ಚಿತ್ರಕಾರನ ಬಣ್ಣ, ಸೀಲ್ ಪ್ರಾಣಿಯ ನೆತ್ತರು ಮೆತ್ತಿದ. 1916ರ ಏಪ್ರಿಲ್ 24ಕ್ಕೆ ಹೊರಟ ಆ ದೋಣಿ, ಅವನೂ ಸೇರಿ ಆರು ಜನರನ್ನು 1,300 ಕಿಲೋಮೀಟರಿಗೂ ಆಚೆಯ ದಕ್ಷಿಣ ಜಾರ್ಜಿಯಾ ಮುಟ್ಟಿಸಿತು. ಅಲ್ಲಿ ಬೆಟ್ಟ ದಾಟಿ ಸಹಾಯ ತರಲು ಹೊರಟವರ ಬೂಟಿಗೆ ದೋಣಿಯ ತಿರುಪುಮೊಳೆ ಹಾಕಿದವನೂ ಅವನೇ. 28ರಲ್ಲಿ ಒಬ್ಬನೂ ಸಾಯಲಿಲ್ಲ. ದೋಣಿಯ ಹೆಸರು ಮಾತ್ರ ಜೇಮ್ಸ್ ಕೇರ್ಡ್: ಹಣ ಕೊಟ್ಟ ಡಂಡಿಯ ಸೆಣಬು ಗಿರಣಿ ಮಾಲಕ. ಡಂಡಿಗೆ ಸೆಣಬು ಹೋಗುತ್ತಿದ್ದುದು ಬಂಗಾಳದಿಂದ, ನಮ್ಮ ಹಮಾಲರ ಬೆನ್ನಿನ ಗೋಣಿಚೀಲದ್ದೂ ಅದೇ ನಾರು. ಅದನ್ನು ಬೆಳೆದವನು ಈ ಫೋಟೋದಿಂದ ಇನ್ನೂ ದೂರ.

ಧ್ರುವ ಪದಕದ ಪಟ್ಟಿ ಬಂತು. ನಾಲ್ವರ ಹೆಸರಿಲ್ಲ, ಅವರಲ್ಲಿ ಒಬ್ಬ ಈ ಬಡಿಗ. 1930ರಲ್ಲಿ ವೆಲಿಂಗ್ಟನ್ನಿನಲ್ಲಿ ಗತಿಯಿಲ್ಲದೆ ಸತ್ತ. ಹಿಮದ ಮೇಲೆ ಶಾಕಲ್ಟನ್ ಹುಕುಮಿನಂತೆ ಗುಂಡಿಗೆ ಬಲಿಯಾದ ಅವನ ಬೆಕ್ಕಿಗೆ 2004ರಲ್ಲಿ ಕಂಚಿನ ಮೂರ್ತಿ ಮಾಡಿ ಅವನ ಗೋರಿಯ ಮೇಲೆ ಕೂರಿಸಿದರು. ಬೆಕ್ಕಿಗೆ ಕಂಚು ಸಿಕ್ಕಿತು ನೋಡಿ!

ಧಾರವಾಡದ ಆಚೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ (ಶಿಲಾಬಾಲಿಕೆಯರ ಬೇಲೂರಲ್ಲ, ತಗಡಿನ ಶೆಡ್ಡುಗಳ ಬೇಲೂರು) ಗುತ್ತಿಗೆ ಮೇಲೆ ದುಡಿಯುವ ಗೆಳೆಯರಿಗೆ ಈ ಫೋಟೋ ತೋರಿಸಿ ಕತೆ ಹೇಳಿದೆವು. ಒಬ್ಬರು ಅಂದರು: ‘ಕೆಲಸಾ ಮಾಡಲಿಲ್ಲಂತ ಅಲ್ರೀ, ಬಾಯಿ ಬಿಟ್ಟು ಕೇಳಿದಾ ಅಂತ ಬಿಟ್ರು.’ ಇನ್ನೊಬ್ಬರು ಒಪ್ಪಲಿಲ್ಲ: ‘ಅಂಥಾ ಹೊತ್ತಿನ್ಯಾಗ ಹತ್ತು ಮಂದಿ ಹತ್ತು ದಿಕ್ಕಿಗೆ ಹೋದ್ರ ಎಲ್ಲಾರೂ ಸಾಯ್ತಿದ್ರಲ್ರೀ.’

ಈ ಎರಡನೆಯ ಮಾತನ್ನು ಘೋಷಣೆ ಕೂಗಿ ತಳ್ಳಿಹಾಕಲು ಬರುವುದಿಲ್ಲ. ಹಿಮದ ಮೇಲೆ ಒಬ್ಬನ ಮಾತು ನಡೆಯಲೇಬೇಕಿತ್ತು. ಹೊರಲಾಗದ ಭಾರ ಅಂತ ಹರ್ಲಿಯ 400ರಷ್ಟು ಗಾಜಿನ ನೆಗೆಟಿವ್‌ಗಳನ್ನೂ ಅಲ್ಲೇ ಒಡೆದರು, 120ರಷ್ಟು ಉಳಿಸಿಕೊಂಡರು. ಅದೂ ಸರಿಯೇ. ಆದರೆ ಪದಕದ ಪಟ್ಟಿ ಬರೆಯುವಾಗ ಯಾರ ಕಾಲಡಿಯ ಹಿಮ ಒಡೆಯುತ್ತಿತ್ತು? ನಾಲ್ಕು ಹೆಸರಿಗೆ ಎಷ್ಟು ಭಾರವಿತ್ತು? ಆಪತ್ತಿನಲ್ಲಿ ಕೇಳಿದ ವಿಧೇಯತೆಯನ್ನು ಆಪತ್ತು ಕಳೆದ ಮೇಲೂ ವಸೂಲಿ ಮಾಡಿದರೆ ಅದು ಶಿಸ್ತಲ್ಲ, ಧಣಿಯ ಸಿಟ್ಟು. ದುಡಿಮೆ ತೂಗಬೇಕಾದ ತಕ್ಕಡಿಯಲ್ಲಿ ಅವರು ತೂಗಿದ್ದು ತಲೆಬಾಗುವಿಕೆಯನ್ನು.

ಉಳಿದ ಮೂವರು ಯಾರು ಅಂತ ಬೇಲೂರಿನ ಗೆಳೆಯರು ಕೇಳಿದರು. ವಿನ್ಸೆಂಟ್, ಸ್ಟೀಫನ್‌ಸನ್, ಹೋಲ್ನೆಸ್. ಮೊದಲನೆಯವನು ಹಡಗಿನ ಆಳು. ಕೊನೆಯ ಇಬ್ಬರು ಎಂಜಿನ್ನಿನ ಒಲೆಗೆ ಕಲ್ಲಿದ್ದಲು ಹಾಕುತ್ತಿದ್ದವರು.