ಆಯುಧವೂ ಅಧಿಕರಣವೂ: ಹಳೆಯ ಸೇನಾ ರೈಫಲ್‌ಗಳ ಸ್ಪರ್ಧೆಯಲ್ಲಿ ಹಿಂಸೆಯ ಪ್ರಶ್ನೆ

ಕೊಲ್ಲುವುದಕ್ಕೆಂದೇ ತಯಾರಾದ ಉಪಕರಣವೊಂದು ಯುದ್ಧ ಮುಗಿದ ಮೇಲೆ ಆಟದ ಸಾಧನವಾಗಿ ಉಳಿದುಕೊಂಡರೆ, ಅದಕ್ಕೆ ಅಂಟಿದ ದೋಷವೂ ಯುದ್ಧದೊಂದಿಗೇ ಮುಗಿಯುತ್ತದೆಯೇ? ದೋಷವಿರುವುದು ವಸ್ತುವಿನಲ್ಲೋ, ಕ್ರಿಯೆಯಲ್ಲೋ, ಕರ್ತೃವಿನ ಭಾವದಲ್ಲೋ ಎಂಬ ನೀತಿಶಾಸ್ತ್ರದ ಹಳೆಯ ಜಿಜ್ಞಾಸೆಯೇ ಈ ಪ್ರಶ್ನೆಯ ಹಿಂದಿದೆ. ಹಳೆಯ ಸೇನಾ ರೈಫಲ್‌ಗಳನ್ನು ಹಿಡಿದು ನಡೆಸುವ ಗುರಿಸ್ಪರ್ಧೆಗಳು ಈ ಜಿಜ್ಞಾಸೆಗೆ ವಿಶೇಷವಾಗಿ ತಕ್ಕ ಉದಾಹರಣೆಯಾಗುತ್ತವೆ. ಏಕೆಂದರೆ ಅಲ್ಲಿ ಯಾರೂ ಸಾಯುವುದಿಲ್ಲ, ಆದರೆ ಸಾವಿನ ಉಪಕರಣ ಮಾತ್ರ ಇದ್ದಂತೆಯೇ ಇರುತ್ತದೆ.

ಅಮೆರಿಕದ ಓಹಾಯೋ ರಾಜ್ಯದಲ್ಲಿ, ಈರಿ ಸರೋವರದ ದಡದ ಮೇಲಿರುವ ಕ್ಯಾಂಪ್ ಪೆರಿಯಲ್ಲಿ ರಾಷ್ಟ್ರೀಯ ಗುರಿಸ್ಪರ್ಧೆಗಳು 1907ರಲ್ಲಿ ಆರಂಭವಾದವು; ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುದ್ಧಕೈದಿಗಳನ್ನು ಇರಿಸಿದ್ದೂ ಅದೇ ನೆಲದಲ್ಲಿ. ಅಲ್ಲಿನ ಸ್ಪರ್ಧೆಗಳಲ್ಲೊಂದಕ್ಕೆ ಜಾನ್ ಗ್ಯಾರಂಡ್ ಅವರ ಹೆಸರಿದೆ. ಕೆನಡಾದಲ್ಲಿ ಹುಟ್ಟಿ, ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಶಸ್ತ್ರಾಗಾರದಲ್ಲಿ ದುಡಿದ ಅವರು ರೂಪಿಸಿದ ಎಂ1 ರೈಫಲನ್ನು ಅಮೆರಿಕದ ಸೇನೆ 1936ರಲ್ಲಿ ಅಂಗೀಕರಿಸಿತು. ಸುಮಾರು 4.3 ಕಿಲೋಗ್ರಾಂ ತೂಗುವ, 8 ತೋಟೆಗಳನ್ನು ಲೋಹದ ಕ್ಲಿಪ್ಪಿನಲ್ಲಿ ಒಟ್ಟಿಗೇ ಒಳಸೇರಿಸಿಕೊಳ್ಳುವ ಈ ಬಂದೂಕು, ಕೊನೆಯ ಗುಂಡು ಹಾರಿದೊಡನೆ ಖಾಲಿ ಕ್ಲಿಪ್ಪನ್ನು ಠಣ್ಣೆಂದು ಹೊರಗೆ ಚಿಮ್ಮಿಸುತ್ತದೆ. ಸ್ಪರ್ಧಿಯು 200 ಗಜ, ಅಂದರೆ ಸುಮಾರು 183 ಮೀಟರ್ ದೂರದ ವೃತ್ತಾಕಾರದ ಗುರಿಗೆ ಅಂಕಗಳಿಗಾಗಿ 30 ಗುಂಡು ಹಾರಿಸುತ್ತಾನೆ: ಬೋರಲು ಮಲಗಿ ನಿಧಾನವಾಗಿ 10, ಅದೇ ಭಂಗಿಯಲ್ಲಿ ಅವಸರದ ಅವಧಿಯೊಳಗೆ 10, ನಿಂತು 10.

ಈ ಸ್ಪರ್ಧೆಯ ನಿಯಮಗಳಲ್ಲಿ ತಾತ್ತ್ವಿಕವಾಗಿ ಮುಖ್ಯವಾದುದು ಬಂದೂಕಿನ ರೂಪಕ್ಕೆ ಸಂಬಂಧಿಸಿದ್ದು. ಸೇನೆಯು ಸೈನಿಕನ ಕೈಗೆ ಕೊಟ್ಟಾಗ ಅದು ಹೇಗಿತ್ತೋ ಹಾಗೆಯೇ ಇರಬೇಕು; ಗುರಿ ಹಿಡಿಯಲು ದುರ್ಬೀನು ಕೂಡಿಸುವಂತಿಲ್ಲ, ಹಿಡಿಕೆಯ ಮರವನ್ನು ತನ್ನ ಭುಜಕ್ಕೆ ಹೊಂದುವಂತೆ ಕೆತ್ತಿಸಿಕೊಳ್ಳುವಂತಿಲ್ಲ. ಕೈ ಮತ್ತು ಕಣ್ಣುಗಳ ಕೌಶಲವನ್ನು ಅಳೆಯುವುದಷ್ಟೇ ಉದ್ದೇಶವಾಗಿದ್ದರೆ ಇಂತಹ ನಿಯಮಕ್ಕೆ ಅರ್ಥವೇ ಇರುತ್ತಿರಲಿಲ್ಲ, ಏಕೆಂದರೆ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆ ಆ ಕೆಲಸವನ್ನು ಇದಕ್ಕಿಂತ ಸೂಕ್ಷ್ಮವಾಗಿ ಮಾಡುತ್ತದೆ. ಅಲ್ಲಿ ಹತ್ತು ಅಂಕದ ನಡುಬಿಂದುವಿನ ವ್ಯಾಸ ಕೇವಲ ಅರ್ಧ ಮಿಲಿಮೀಟರ್. ಆದ್ದರಿಂದ ಹಳೆಯ ರೈಫಲ್ಲಿನ ಸ್ಪರ್ಧಿಗೆ ಬೇಕಾಗಿರುವುದು ನಿಖರತೆಯೊಂದೇ ಅಲ್ಲ, ಆ ಬಂದೂಕಿನ ಇತಿಹಾಸವೂ ಹೌದು. ಹೀಗಿರುವಾಗ, ಇದು ಬರೀ ಆಟ, ಎದುರಿಗಿರುವುದು ಬರೀ ಕಾಗದ ಎಂಬ ಸಮರ್ಥನೆಯು ಆಟದ ನಿಯಮಕ್ಕೇ ವಿರುದ್ಧವಾಗುತ್ತದೆ. ಯುದ್ಧದ ನೆನಪನ್ನು ಬೇಕೆಂದೇ ಉಳಿಸಿಕೊಂಡವರು ಅದರ ಭಾರವನ್ನು ಮಾತ್ರ ಬೇಡವೆನ್ನಲಾಗದು.

ಆ ಭಾರ ಯಾವ ಬಗೆಯದು ಎಂಬುದನ್ನು ಬಿಡಿಸಿ ನೋಡಲು ಜೈನ ದರ್ಶನದ ವಿಶ್ಲೇಷಣೆ ನೆರವಾಗುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಎರಡು ಅಂಶಗಳನ್ನು ಜೊತೆಗೂಡಿಸುತ್ತದೆ: ಪ್ರಾಣಕ್ಕೆ ಆಗುವ ಹಾನಿ ಒಂದು, ಆ ಹಾನಿಯ ಹಿಂದಿರುವ ಪ್ರಮಾದ ಇನ್ನೊಂದು. ಪ್ರಮಾದವೆಂದರೆ ರಾಗದ್ವೇಷಗಳಿಗೆ ಒಳಗಾದ ಎಚ್ಚರಗೇಡಿತನ. ಈ ಅಳತೆಗೋಲಿನಂತೆ ಕಾಗದಕ್ಕೆ ಗುಂಡಿಡುವುದು ಹಿಂಸೆಯಾಗುವುದಿಲ್ಲ. ಆದರೆ ಅದೇ ಗ್ರಂಥವು ಅಧಿಕರಣವೆಂಬ ಮತ್ತೊಂದು ಪರಿಕಲ್ಪನೆಯನ್ನೂ ಮುಂದಿಡುತ್ತದೆ. ಕರ್ಮವು ಆತ್ಮದೊಳಗೆ ಹರಿದುಬರುವುದನ್ನು ಆಸ್ರವವೆಂದೂ, ಆ ಹರಿವಿಗೆ ಆಧಾರವಾಗುವುದನ್ನು ಅಧಿಕರಣವೆಂದೂ ಕರೆದು, ಜೀವ ಮಾತ್ರವಲ್ಲದೆ ಅಜೀವವೂ ಅಂತಹ ಆಧಾರವಾಗಬಲ್ಲದೆಂದು ಅದು ಒಪ್ಪುತ್ತದೆ. ಅಜೀವದ ಅಧಿಕರಣಕ್ಕೆ ನಾಲ್ಕು ಬಗೆ: ನಿರ್ವರ್ತನಾ ಎಂದರೆ ವಸ್ತುವಿನ ರಚನೆ, ನಿಕ್ಷೇಪ ಎಂದರೆ ಅದನ್ನು ಇರಿಸುವ ಬಗೆ, ಸಂಯೋಗ ಎಂದರೆ ಒಂದರೊಡನೆ ಒಂದನ್ನು ಕೂಡಿಸುವುದು, ನಿಸರ್ಗ ಎಂದರೆ ಕಾಯ, ವಾಕ್ಕು, ಮನಸ್ಸುಗಳ ಪ್ರವೃತ್ತಿ.

ಈ ದೃಷ್ಟಿಯಲ್ಲಿ ವಸ್ತುವು ಅಪರಾಧಿಯೂ ಅಲ್ಲ, ನಿರ್ದೋಷಿಯೂ ಅಲ್ಲ. ಅದು ಭಾವಕ್ಕಾಗಿ ಕಾದಿರುವ ನೆಲೆ. ಗ್ಯಾರಂಡ್ ರೈಫಲ್ಲಿನ ರಚನೆ ಎಂದೋ ಮುಗಿದುಹೋಗಿದೆ, ಆದರೆ ತೋಟೆ ಮತ್ತು ಬಂದೂಕುಗಳ ಸಂಯೋಗವೂ ಭುಜ, ಕಣ್ಣು, ಬೆರಳುಗಳ ಪ್ರವೃತ್ತಿಯೂ ಸ್ಪರ್ಧೆಯ ದಿನ ಯುದ್ಧದಲ್ಲಿ ನಡೆದಂತೆಯೇ ಮತ್ತೆ ನಡೆಯುತ್ತವೆ. ಬದಲಾಗಿರುವುದು ಎದುರಿನ ಗುರಿ ಮಾತ್ರ. ಒಳಗಿನ ಭಾವವೂ ಬದಲಾಗಿದೆಯೇ ಎಂಬುದನ್ನು ಹೊರಗಿನ ಯಾವ ಲಕ್ಷಣದಿಂದಲೂ ಹೇಳಲಾಗದು. ಇಲ್ಲಿ ತತ್ತ್ವಾರ್ಥಸೂತ್ರಕ್ಕೆ ಪೂಜ್ಯಪಾದರು ಬರೆದ ಸರ್ವಾರ್ಥಸಿದ್ಧಿಯೆಂಬ ಟೀಕೆಯ ವಿವರಣೆಯೊಂದು ಗಮನಾರ್ಹವಾಗಿದೆ. ಪ್ರಯೋಜನವಿಲ್ಲದ ಪಾಪಕ್ಕೆ ಅನರ್ಥದಂಡವೆಂದು ಹೆಸರು. ಅದರ ಒಂದು ಭೇದ ಅಪಧ್ಯಾನ, ಅಂದರೆ ಕೆಟ್ಟ ಚಿಂತನೆ. ಇತರರ ವಧೆ, ಬಂಧನಗಳನ್ನು ಬಯಸುವುದನ್ನಷ್ಟೇ ಅಲ್ಲದೆ ಅವರ ಜಯ ಪರಾಜಯಗಳನ್ನು ಕುರಿತು ಮನಸ್ಸಿನಲ್ಲಿ ಮೆಲುಕುಹಾಕುವುದನ್ನೂ ಪೂಜ್ಯಪಾದರು ಅದರಲ್ಲೇ ಸೇರಿಸುತ್ತಾರೆ. ಕೊಲ್ಲಬೇಕೆಂಬ ಆಸೆಯೂ ಪಕ್ಕದವನು ಸೋಲಲಿ ಎಂಬ ಆಸೆಯೂ ಒಂದೇ ಸಾಲಿನಲ್ಲಿ ನಿಲ್ಲುವುದಾದರೆ, ಸ್ಪರ್ಧೆಯನ್ನು ಪರೀಕ್ಷಿಸಬೇಕಾದ ಜಾಗ ಗುರಿಹಲಗೆಯಲ್ಲ, ಸ್ಪರ್ಧಿಯ ಮನಸ್ಸು.

ಗ್ರೀಕ್ ಪರಂಪರೆಯ ಸ್ಟೋಯಿಕ್ ದಾರ್ಶನಿಕರು ಬೇರೊಂದು ದಾರಿಯಿಂದ ಈ ಎಡೆಗೇ ಬಂದು ತಲುಪಿದರು. ಎದುರಿನ ಗುರುತಿಗೆ ಸ್ಕೋಪೋಸ್ ಎಂದೂ, ಕ್ರಿಯೆಯ ಪರಮೋದ್ದೇಶಕ್ಕೆ ಟೆಲೋಸ್ ಎಂದೂ ಹೆಸರಿಟ್ಟು, ಬಿಲ್ಲುಗಾರನ ದೃಷ್ಟಾಂತದಿಂದ ಅವರು ಎರಡನ್ನೂ ಬೇರ್ಪಡಿಸಿದರು. ರೋಮಿನ ಸಿಸೆರೋ ಈ ದೃಷ್ಟಾಂತವನ್ನು ದಾಖಲಿಸಿದ್ದಾನೆ. ನೇರವಾಗಿ ಎಸೆಯಲು ತನ್ನಿಂದಾಗುವುದನ್ನೆಲ್ಲ ಮಾಡುವುದು ಬಿಲ್ಲುಗಾರನ ಪರಮೋದ್ದೇಶ; ಗುರಿ ತಗಲುವುದು ಆಯ್ದುಕೊಳ್ಳತಕ್ಕದ್ದೇ ಹೊರತು ಹಂಬಲಿಸತಕ್ಕದ್ದಲ್ಲ, ಏಕೆಂದರೆ ಬಾಣ ಬಿಟ್ಟ ಮೇಲೆ ಗಾಳಿ ಅವನ ಮಾತು ಕೇಳುವುದಿಲ್ಲ. ಯುದ್ಧದಲ್ಲಿ ಈ ಬೇರ್ಪಡಿಕೆಗೆ ಎಡೆಯಿಲ್ಲ, ತಗಲದ ಗುಂಡು ಅಲ್ಲಿ ವ್ಯರ್ಥ. ಸ್ಪರ್ಧೆಯಲ್ಲಾದರೋ ತಪ್ಪಿದ ಗುಂಡೂ ಚೆನ್ನಾಗಿ ಹಾರಿಸಿದ್ದಾಗಿರಬಹುದು. ಅದೇ ಆಯುಧಕ್ಕೆ ಯುದ್ಧವು ಎಂದೂ ಕೊಡಲಾರದ ಅವಕಾಶವನ್ನು ಆಟ ಕೊಡುವುದು ಇಲ್ಲಿಯೇ. ಅವಕಾಶವನ್ನು ಕೊಡುತ್ತದೆ ಎಂಬುದಷ್ಟೇ ನಿಜ. ಸ್ಪರ್ಧಿ ಅದನ್ನು ತೆಗೆದುಕೊಳ್ಳುತ್ತಾನೆಂಬ ಭರವಸೆಯನ್ನು ನಿಯಮಪುಸ್ತಕ ಕೊಡಲಾರದು.

ಯುದ್ಧವು ಸ್ಪರ್ಧೆಯಾಗಿ ಮಾರ್ಪಡುವ ಪ್ರಸಂಗವು ಕನ್ನಡ ಕಾವ್ಯಕ್ಕೂ ಹೊಸದಲ್ಲ. ಪಂಪನ ಆದಿಪುರಾಣದಲ್ಲಿ (941) ಭರತ ಬಾಹುಬಲಿಗಳ ಸೇನೆಗಳು ಎದುರುಬದುರಾಗಿ ನಿಂತಾಗ, ಜನಕ್ಷಯವಾಗದಂತೆ ಅಣ್ಣತಮ್ಮಂದಿರಿಬ್ಬರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ತಮ್ಮ ವಿವಾದವನ್ನು ತೀರಿಸಿಕೊಳ್ಳುವಂತೆ ಏರ್ಪಾಡಾಗುತ್ತದೆ. ಹಿಂಸೆಯನ್ನು ನಿಯಮಗಳ ಬೇಲಿಯೊಳಗೆ ಕಟ್ಟುವ ಆ ಏರ್ಪಾಡು ಮೂರು ಪಂದ್ಯಗಳೂ ಮುಗಿಯುವವರೆಗೆ ನಿಲ್ಲುತ್ತದೆ, ಮೂರರಲ್ಲೂ ಸೋತ ಭರತ ಚಕ್ರರತ್ನವನ್ನು ತಮ್ಮನ ಮೇಲೆ ಬಿಟ್ಟಾಗ ಮುರಿಯುತ್ತದೆ. ಚಕ್ರವು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತೆಂಬುದು ಕಥೆಯ ಮುಂದಿನ ಭಾಗ. ಆದರೆ ಈ ಜಿಜ್ಞಾಸೆಗೆ ಬೇಕಾಗಿರುವುದು ಅದಕ್ಕೂ ಮೊದಲಿನ ಕ್ಷಣ. ಪಂದ್ಯವು ಆಯುಧವನ್ನು ಇಲ್ಲವಾಗಿಸಿರಲಿಲ್ಲ, ಬದಿಗಿರಿಸಿತ್ತು, ಅಷ್ಟೆ. ಅಹಂಕಾರಕ್ಕೆ ಪೆಟ್ಟು ಬಿದ್ದಾಗ ಅದು ಕೈಗೆ ಸಿಗುವಷ್ಟು ದೂರದಲ್ಲೇ ಇತ್ತು. ಆಟವು ಹಿಂಸೆಯಿಂದ ಬೇರೆಯಾಗಿದೆಯೋ ಇಲ್ಲವೋ ಎಂಬುದು ಗೆದ್ದವನ ಸಂಭ್ರಮದಲ್ಲಿ ತಿಳಿಯುವುದಿಲ್ಲ, ಸೋತವನ ಕೈ ಮುಂದೆ ಏನು ಮಾಡುತ್ತದೆ ಎಂಬುದರಲ್ಲಿ ತಿಳಿಯುತ್ತದೆ.

ಹೀಗೆ ನೋಡಿದರೆ, ಜೈನರು ಹೇಳಿದ ಅಧಿಕರಣದ ನಾಲ್ಕು ಬಗೆಗಳಲ್ಲಿ ಸಾಮಾನ್ಯವಾಗಿ ಗಮನಕ್ಕೆ ಬಾರದ ನಿಕ್ಷೇಪವೇ ಕೊನೆಗೆ ಮುಖ್ಯವಾಗುತ್ತದೆ. ಕೊಡಗಿನಲ್ಲಿ ನಾಟಿಯ ಕಾಲಕ್ಕೆ ಮನೆಯ ಕೋವಿಗಳನ್ನು ಕನ್ನಿಕೊಂಬರೆಯೆಂಬ ದೇವರ ಕೋಣೆಯಲ್ಲಿ ಇರಿಸಿ, ನಾಟಿ ಮುಗಿದ ಮೇಲೆ ಕೈಲ್‌ಪೊಳ್ದ್ ಹಬ್ಬದಂದು ಅವುಗಳಿಗೆ ಹೂವೇರಿಸಿ, ಪೂಜಿಸಿ, ತೆಂಗಿನಕಾಯಿಗೆ ಗುರಿಯಿಡುವ ಸಂಪ್ರದಾಯವಿದೆ. ಆಯುಧವನ್ನು ಎತ್ತುವುದಕ್ಕಿರುವಂತೆ ಇಳಿಸಿಡುವುದಕ್ಕೂ ಒಂದು ಕಾಲ, ಒಂದು ಸ್ಥಳ, ಒಂದು ವಿಧಿ ಇದೆಯೆಂಬ ಅರಿವು ಅದರಲ್ಲಿದೆ. ಕ್ಯಾಂಪ್ ಪೆರಿಯ ವಿಧಿಯಲ್ಲಿ ದೇವರಿಲ್ಲ, ಆದರೆ ಅಲ್ಲಿಯೂ ಗುಂಡು ಹಾರಿಸಿ ಮುಗಿಸಿದವನು ಬಂದೂಕಿನ ಬಾಯಿ ತೆರೆದು, ಒಳಗೆ ತೋಟೆಯಿಲ್ಲವೆಂದು ಎಲ್ಲರಿಗೂ ಕಾಣುವಂತೆ ಗುರುತಿನ ಪ್ಲಾಸ್ಟಿಕ್ ಕಡ್ಡಿಯನ್ನು ಸಿಕ್ಕಿಸಿ ಕೆಳಗಿಡಬೇಕು. ಒಟ್ಟು ಅಂಕಗಳ ಎಣಿಕೆ ಮುಗಿಯುವುದು ಅನಂತರ. ಭರತನ ಚಕ್ರಕ್ಕೆ ಇಲ್ಲದೆಹೋದದ್ದು ಈ ಕ್ರಮವೇ: ಸೋಲು ಗೆಲುವು ತಿಳಿಯುವ ಮೊದಲೇ ಆಯುಧ ಬರಿದಾಗಿ ನೆಲದ ಮೇಲಿರಬೇಕು.