ಕೇಳುವ ಸೇವೆ

ಪರದೇಶದ ಸೇವೆಗೆ ಹೊರಡುವ ಯುವ ಮಿಷನರಿಯ, ಎಂದರೆ ಸಭೆಯು ಪ್ರಾರ್ಥಿಸಿ, ತಲೆಯ ಮೇಲೆ ಕೈಯಿಟ್ಟು ಕಳುಹಿಸಿಕೊಡುವ ಸುವಾರ್ತಾ ಸೇವಕನ, ಮೊದಲ ವರ್ಷದ ಮುಖ್ಯ ಕೆಲಸವು ಕೇಳುವುದೇ ಆಗಿದೆ. ಈ ಕೂಟಕ್ಕೆ ಗೊತ್ತುಪಡಿಸಿರುವ ವಿಷಯವು ವಿಧೇಯತೆಯಾದರೂ, ಕೇಳಿಸಿಕೊಳ್ಳದವನು ವಿಧೇಯನಾಗುವ ಬಗೆಯೇ ಇಲ್ಲವಾದ್ದರಿಂದ, ಕಿವಿಯ ಶಿಸ್ತಿನಿಂದಲೇ ವಿಚಾರವನ್ನು ಆರಂಭಿಸುವುದು ಯುಕ್ತ. ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ಹನ್ನೆರಡು ವರ್ಷದ ಯೇಸು ಯೆರೂಸಲೇಮಿನ ದೇವಾಲಯದಲ್ಲಿ ಬೋಧಕರ ನಡುವೆ ಕುಳಿತು ಅವರ ಮಾತುಗಳನ್ನು ಕೇಳುತ್ತಲೂ ಪ್ರಶ್ನಿಸುತ್ತಲೂ ಇದ್ದನೆಂದು ಬರೆದಿದೆ. ಆತನು ಬಹಿರಂಗ ಸೇವೆಯನ್ನು ಆರಂಭಿಸಿದ್ದು ಸುಮಾರು ಮೂವತ್ತನೆಯ ವಯಸ್ಸಿನಲ್ಲಿ ಎಂಬುದನ್ನು ಅದೇ ಗ್ರಂಥದ ಮುಂದಿನ ಅಧ್ಯಾಯವು ತಿಳಿಸುತ್ತದೆ. ದೇವಕುಮಾರನೇ ನಜರೇತಿನ ಬೀದಿಗಳಲ್ಲಿ ಅಷ್ಟು ದೀರ್ಘಕಾಲ ಜನರ ನುಡಿಯನ್ನೂ ನೋವನ್ನೂ ಕೇಳಿಸಿಕೊಂಡಿರುವಾಗ, ವಿಮಾನದಿಂದ ಇಳಿದ ವಾರದಲ್ಲೇ ಉಪದೇಶಕ್ಕೆ ನಿಲ್ಲುವ ಆತುರವು ಸೇವಕನಿಗೆ ಒಪ್ಪುವುದಿಲ್ಲ.

ಇದಕ್ಕೆ ಕನ್ನಡ ನಾಡಿನಲ್ಲಿಯೇ ದೊರೆಯುವ ದೃಷ್ಟಾಂತವು ಫರ್ಡಿನೆಂಡ್ ಕಿಟ್ಟೆಲ್ ಅವರದು. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಅವರ ಕನ್ನಡ–ಇಂಗ್ಲಿಷ್ ನಿಘಂಟನ್ನು ಬಲ್ಲವರಲ್ಲಿಯೂ ಅದರ ಹಿಂದಿನ ತರುಣನನ್ನು ಬಲ್ಲವರು ಕಡಿಮೆ. ಉತ್ತರ ಜರ್ಮನಿಯ ಕಡಲತೀರದ ಪೂರ್ವ ಫ್ರೀಸ್‌ಲ್ಯಾಂಡ್ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, ಸಭಾಪಾಲಕರ ಮನೆಯಲ್ಲಿ, 1832ರಲ್ಲಿ ಹುಟ್ಟಿದ ಕಿಟ್ಟೆಲ್, ಲ್ಯಾಟಿನ್, ಗ್ರೀಕ್, ಹೀಬ್ರೂ ಭಾಷೆಗಳನ್ನು ಕಲಿತು ಬಾಸೆಲ್ ಮಿಷನ್ನಿನ ತರಬೇತಿಗೆ ಸೇರಿದರು. ಬಾಸೆಲ್ ಮಿಷನ್ ಎಂದರೆ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪಿತವಾಗಿ, 1834ರಲ್ಲಿ ಮಂಗಳೂರಿಗೆ ತನ್ನ ಮೊದಲ ಮೂವರು ಸೇವಕರನ್ನು ಕಳುಹಿಸಿದ ಪ್ರಾಟೆಸ್ಟಂಟ್ ಸಂಸ್ಥೆ. ಸೇವಕನು ಎಲ್ಲಿ ನೆಲೆಸಬೇಕು, ಯಾವಾಗ ಮದುವೆಯಾಗಬೇಕು ಎಂಬುದನ್ನೂ ಅದರ ಆಡಳಿತ ಮಂಡಳಿಯಾದ ಕಮಿಟಿಯೇ ನಿರ್ಧರಿಸುತ್ತಿದ್ದ ಆ ಕಾಲದಲ್ಲಿ, 1853ರಲ್ಲಿ, ಇಪ್ಪತ್ತೊಂದರ ಕಿಟ್ಟೆಲ್ ಭಾರತಕ್ಕೆ ಬಂದು ಧಾರವಾಡವನ್ನು ಸೇರಿದರು.

ಆಗಿನ ಮಿಷನರಿಗಳು ಸಂತೆಗಳಲ್ಲಿ, ಜಾತ್ರೆಗಳಲ್ಲಿ ನಿಂತು ಸಾರುತ್ತಿದ್ದರು. ಸೇರಿದ ಜನರಲ್ಲಿ ಕೆಲವರು ಕೇಳುತ್ತಿದ್ದರು, ಕೆಲವರು ವಾದಕ್ಕಿಳಿಯುತ್ತಿದ್ದರು. ಕಿಟ್ಟೆಲ್ ಅವರು ಆ ಕೆಲಸವನ್ನು ಬಿಡಲಿಲ್ಲ, ಆದರೆ ಕನ್ನಡಿಗರಿಗೆ ಕನ್ನಡಿಗನಾಗಬೇಕೆಂಬ ಹಂಬಲದಿಂದ ಅವರು ಹಿಡಿದ ದಾರಿಯು ಬೇರೆಯಾಗಿತ್ತು: ಊರಿನಿಂದೂರಿಗೆ ನಡೆದು ಹೋಗುವುದು, ಜನರ ಆಚಾರಗಳನ್ನು ಹತ್ತಿರದಿಂದ ನೋಡುವುದು, ಅವರ ಹಾಡುಕಾವ್ಯಗಳ ಧಾಟಿಯನ್ನು ಕಲಿಯುವುದು. ಹಿರಿಯ ಸಹೋದ್ಯೋಗಿಗಳಿಗೆ ಈ ನಡೆ ಹಿಡಿಸಲಿಲ್ಲ. ಸ್ವಂತ ಸಂಸ್ಥೆಯಲ್ಲಿಯೇ ಅವರು ಹೊರಗಿನವರಂತೆ ಇರಬೇಕಾಯಿತು. ಮನೆಯನ್ನು ಬಿಟ್ಟು ಬಂದ ತರುಣನಿಗೆ ಪರದೇಶದ ಒಂಟಿತನಕ್ಕಿಂತ ತನ್ನವರ ನಡುವಿನ ಈ ಒಂಟಿತನವೇ ಹೆಚ್ಚು ಭಾರವೆಂಬುದನ್ನು ಇಲ್ಲಿ ಕುಳಿತಿರುವ ತಾಯಂದಿರಿಗೆ ವಿವರಿಸಬೇಕಾಗಿಲ್ಲ.

ಕಿಟ್ಟೆಲ್ ಅವರ ನಡೆಗೆ ಆಧಾರವಾಗಿದ್ದುದು ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಒಂಬತ್ತನೆಯ ಅಧ್ಯಾಯದ ತತ್ತ್ವ. ಅಲ್ಲಿ ಅಪೊಸ್ತಲನು, ಅಂದರೆ ಕ್ರಿಸ್ತನಿಂದ ನಿಯುಕ್ತನಾದ ದೂತನು, ತಾನು ಯಾರ ಅಧೀನದಲ್ಲಿಯೂ ಇಲ್ಲದಿದ್ದರೂ ಎಲ್ಲರಿಗೂ ದಾಸನಾದೆನೆಂದೂ, ಯೆಹೂದ್ಯರ ನಡುವೆ ಯೆಹೂದ್ಯನಂತಾದೆನೆಂದೂ ಹೇಳಿಕೊಳ್ಳುತ್ತಾನೆ. ದಾಸನ ಮೊದಲ ಲಕ್ಷಣವೇ ಕೇಳಿಸಿಕೊಳ್ಳುವುದು ಎಂಬಷ್ಟನ್ನು ಈ ವಚನದಿಂದ ಹಿಡಿದುಕೊಂಡರೆ ಸದ್ಯಕ್ಕೆ ಸಾಕು; ಧರ್ಮಶಾಸ್ತ್ರಕ್ಕೆ ಅಧೀನರಾದವರು, ಅಧೀನರಲ್ಲದವರು ಎಂಬ ಮುಂದಿನ ಭೇದವು ಸೂಕ್ಷ್ಮವಾದುದು, ಹೊತ್ತೂ ಏರಿದೆ, ಚಿಕ್ಕ ಮಕ್ಕಳು ಕದಲತೊಡಗಿದ್ದಾರೆ, ಆದ್ದರಿಂದ ಅದನ್ನು ಇನ್ನೊಂದು ಕೂಟಕ್ಕೆ ಬಿಡುವುದು ಮೇಲು.

ಇಂದಿನ ಯುವಜನರ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾಗದು. ಹೊರದೇಶಕ್ಕೆ ಹೋದ ಸೇವಕರಲ್ಲಿ ಅನೇಕರು ಹಗಲಿಡೀ ಅನ್ಯಭಾಷೆಯ ಊರಿನಲ್ಲಿದ್ದು, ಸಂಜೆಯಾದೊಡನೆ ಕೋಣೆಯ ಬಾಗಿಲು ಹಾಕಿ, ಮೊಬೈಲಿನಲ್ಲಿ ಊರಿನವರೊಡನೆ ಊರಿನ ಮಾತನ್ನೇ ಆಡುತ್ತ ರಾತ್ರಿ ಕಳೆಯುತ್ತಾರೆ. ತಂದೆತಾಯಿಗಳೊಡನೆ ಮಾತನಾಡುವುದು ತಪ್ಪೇನಲ್ಲ. ಆದರೆ ಪಕ್ಕದ ಮನೆಯ ಮುದುಕಿಯ ಹೆಸರು ತಿಳಿಯದವನು ಆಕೆಗಾಗಿ ಏನೆಂದು ಪ್ರಾರ್ಥಿಸಬಲ್ಲನು? ಇಲ್ಲಿಯೇ ನೋಡಿದರೂ, ಪ್ರಾರ್ಥನೆಯ ಹೊತ್ತಿನಲ್ಲಿ ಮಡಿಲಲ್ಲಿ ಬೆಳಗುವ ಪರದೆಗಳು ಕಡಿಮೆಯಿಲ್ಲ. ಮುಂದೆ ಕುಳಿತಿರುವ ಹಿರಿಯರ ಮಾತಿಗೆ ಕಿವಿಗೊಡಲು ಅಭ್ಯಾಸವಿಲ್ಲದ ಕಿವಿಗೆ ಸಮುದ್ರದಾಚೆ ಹೊಸ ಶಕ್ತಿ ತಾನಾಗಿ ಬರುವುದಿಲ್ಲ.

ಕಿಟ್ಟೆಲ್ ಅವರ ಕೇಳ್ಮೆಯು ನಿಧಾನವಾಗಿ ಫಲಿಸಿತು. 1862ರಲ್ಲಿ ಅವರು ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ‘ಕಥಾಮಾಲೆ’ಯಾಗಿ ರಚಿಸಿದರು, ಆ ಚರಿತ್ರೆಗೆ ಅವರು ಷಟ್ಪದಿಯನ್ನು, ಎಂದರೆ ಕುಮಾರವ್ಯಾಸನ ಭಾರತದಿಂದ ಗಮಕಿಗಳ ಕಂಠದಲ್ಲಿ ನೆಲೆಸಿದ ಆರು ಪಾದಗಳ ಪದ್ಯಬಂಧವನ್ನು, ಬಳಸಿಕೊಂಡರು. 1872ರಲ್ಲಿ ಜೈನ ವೈಯಾಕರಣ ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನೂ, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು, ಕ್ರೈಸ್ತ ಮಿಷನರಿಯೊಬ್ಬರು ಜೈನ ಆಚಾರ್ಯರ ಮುಂದೆ ಶಿಷ್ಯನಂತೆ ಕುಳಿತದ್ದರಿಂದ ಅವರ ವಿಶ್ವಾಸವು ಕುಂದಲಿಲ್ಲವೆಂಬುದನ್ನು, ಅನ್ಯರಿಂದ ಕಲಿಯಲು ಅಂಜುವವರು ಗಮನಿಸಬೇಕು. ಸುಮಾರು 70,000 ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು 1894ರಲ್ಲಿ, ಅವರು ಧಾರವಾಡವನ್ನು ಸೇರಿ ನಲವತ್ತೊಂದು ವರ್ಷಗಳಾದ ಮೇಲೆ.

ಆದುದರಿಂದ ಕಳುಹಿಸುವ ಸಭೆಯ ಮೇಲೆಯೂ ಒಂದು ಹೊಣೆಯಿದೆ. ಮೊದಲ ವರ್ಷ ಮುಗಿಯುವ ಮೊದಲೇ ಎಷ್ಟು ಮಂದಿ ಕೂಡಿದರು, ಎಷ್ಟು ದೀಕ್ಷಾಸ್ನಾನವಾಯಿತು ಎಂಬ ಲೆಕ್ಕವನ್ನು ಕೇಳಿ ಬರೆಯುವುದನ್ನು ಬಿಟ್ಟು, ಸೇವಕನು ಯಾರ ಮನೆಯಲ್ಲಿ ಉಂಡನು, ಯಾರ ಕಾಯಿಲೆಗೆ ಪಕ್ಕದಲ್ಲಿ ಕುಳಿತನು, ಆ ಊರಿನ ಮಕ್ಕಳು ಅವನ ಉಚ್ಚಾರವನ್ನು ಎಲ್ಲಿ ತಿದ್ದಿದರು ಎಂಬುದನ್ನು ಕೇಳಬೇಕು. ಅವನು ಬರೆಯುವ ಪತ್ರದಲ್ಲಿ ಸಂಖ್ಯೆಯೊಂದೂ ಇರದೆ ಅಲ್ಲಿನ ಜನರ ಹೆಸರುಗಳೇ ತುಂಬಿದ್ದರೆ, ಅದನ್ನು ಈ ವೇದಿಕೆಯಿಂದ ಓದಿ ಆ ಹೆಸರುಗಳಿಗಾಗಿ ಪ್ರಾರ್ಥಿಸಬೇಕು.